ಸಹಿ ಹಾಕದ ಮುನೀರ್ ಸಾಹೇಬರು

ಮುನೀರ್ ಸಾಹೇಬರಿಗೆ ಸಿಟ್ಟೇ ಬರುವುದಿಲ್ಲ ಎಂದು ಆಫೀಸಿನಲ್ಲಿ ಎಲ್ಲರೂ ನಂಬಿದ್ದಾರೆ. ಅದು ಪೂರ್ತಿ ನಿಜವಲ್ಲ. ಬರುತ್ತದೆ, ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ ಅಷ್ಟೆ. ಸಿಟ್ಟು ಬಂದ ದಿನ ಅವರು ಇನ್ನಷ್ಟು ಮೆಲ್ಲಗೆ ಮಾತಾಡುತ್ತಾರೆ, ಸ್ಕ್ರೂಡ್ರೈವರ್ ಹಿಡಿದು ಯಾವುದಾದರೊಂದು ಮೇಜಿನ ಕೆಳಗೆ ನುಸುಳಿಬಿಡುತ್ತಾರೆ. ಹೊರಗೆ ಬರುವ ಹೊತ್ತಿಗೆ ಅಲ್ಲಿನ ಫೋನೂ ಸರಿಯಾಗಿರುತ್ತದೆ, ಇವರೂ ಸರಿಯಾಗಿರುತ್ತಾರೆ.

ಆಮ್‌ಸ್ಟರ್‌ಡ್ಯಾಮಿನ ಜೈಡಾಸ್ ಬಡಾವಣೆಯಲ್ಲಿರುವ, ಬೆಂಗಳೂರು ಮೂಲದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಫೋನುಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ವಯಸ್ಸು ನಲವತ್ತೊಂಬತ್ತು. ಬಾಡ್‌ಹೂವೆಡಾರ್ಪ್‌ನ ಮನೆಯಿಂದ ಕೆರೆಯ ದಂಡೆ ಹಿಡಿದು ಅರ್ಧ ಗಂಟೆ ಸೈಕಲ್ ತುಳಿದರೆ ಆಫೀಸು. ತಲೆಯ ಮೇಲೆ ವಿಮಾನಗಳು ಒಂದರ ಹಿಂದೊಂದು ಇಳಿಯುತ್ತಿರುತ್ತವೆ, ಸಾಹೇಬರು ಕತ್ತೆತ್ತಿಯೂ ನೋಡುವುದಿಲ್ಲ. ಮನೆಯಲ್ಲಿ ಹೆಂಡತಿ ಆಯೆಷಾ ಜೊತೆ ದಖನಿ ಉರ್ದು, ಆಫೀಸಿನಲ್ಲಿ ರಾಣೆಬೆನ್ನೂರಿನ ಕನ್ನಡ, ಅಂಗಡಿಯಲ್ಲಿ ಮುರುಕು ಡಚ್. ಹನ್ನೊಂದು ವರ್ಷದ ಮಗಳು ರಿಮ್ಷಾ ಯಾವ ಭಾಷೆಯಲ್ಲಿ ಕೇಳಿದರೂ ಡಚ್ಚಿನಲ್ಲೇ ಉತ್ತರ ಕೊಡುತ್ತಾಳೆ. ಇದಕ್ಕಿಂತ ಹೆಚ್ಚಿಗೆ ಏನು ಬೇಕು ಎಂದು ಯಾರಾದರೂ ಕೇಳಿದರೆ ಸಾಹೇಬರು ನಿಜಕ್ಕೂ ಯೋಚಿಸಿ, "ಖಾರ ಇರೋ ಹಸಿಮೆಣಸಿನಕಾಯಿ ಒಂದು ಸಿಗಂಗಿಲ್ರಿ ಇಲ್ಲಿ" ಅನ್ನುತ್ತಾರೆ.

ಫೋನಿನ ಜೊತೆ ಅವರದು ಹಳೆಯ ನಂಟು. ರಾಣೆಬೆನ್ನೂರಿನ ಬಸ್ ನಿಲ್ದಾಣದ ಎದುರು ಅವರ ತಂದೆಯ ಎಸ್‌ಟಿಡಿ ಬೂತ್ ಇತ್ತು. ಡಿಪ್ಲೊಮಾ ಮುಗಿಸಿದ ಮೇಲೆ ಮುನೀರ್ ಎರಡು ವರ್ಷ ಅಲ್ಲೇ ಕೂತಿದ್ದರು. ಜನ ಏದುಸಿರು ಬಿಡುತ್ತ ಓಡಿಬಂದು, "ಡಾಕ್ಟ್ರ, ಲಗೂನ ಬರ್ರಿ!" ಎಂದು ಫೋನಿನಲ್ಲಿ ಕೂಗಿ, ಇಟ್ಟು ಓಡಿಹೋಗುತ್ತಿದ್ದರು. ಯಾರ ಮನೆ, ಯಾವ ಓಣಿ, ಒಂದನ್ನೂ ಹೇಳುತ್ತಿರಲಿಲ್ಲ. ಮುನೀರ್ ಮತ್ತೆ ಡಾಕ್ಟರಿಗೆ ಫೋನು ಹಚ್ಚಿ ಓಣಿಯ ಗುರುತು ಹೇಳಬೇಕಾಗುತ್ತಿತ್ತು. ಗಾಬರಿಯಾದವರು ವಿಳಾಸ ಹೇಳುವುದಿಲ್ಲ ಎಂಬ ಪಾಠವನ್ನು ಅವರು ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ.

ಕಳೆದ ಮಾರ್ಚಿನಲ್ಲಿ ಕಂಪನಿ ಐದನೆಯ ಮಹಡಿಯ ಜೊತೆಗೆ ಆರನೆಯದನ್ನೂ ಬಾಡಿಗೆಗೆ ಹಿಡಿಯಿತು. ಹಳೆಯ ಫೋನುಗಳೆಲ್ಲ ಹೋಗಿ ಮೇಜು ಮೇಜಿಗೂ ಇಂಟರ್ನೆಟ್ ಫೋನು ಬಂತು. ಅದರ ಹಿಂದೆಯೇ ಫೋನ್ ಸೇವೆ ಕೊಡುವವರಿಂದ ಒಂದು ಕಾಗದವೂ ಬಂತು. ಕಾನೂನಿನ ಪ್ರಕಾರ ಯಾವ ಫೋನಿನಿಂದ ತುರ್ತು ನಂಬರ್ 112 ಒತ್ತಿದರೂ ಕರೆ ಈ ದೇಶದ ಕೇಂದ್ರಕ್ಕೇ ಹೋಗಬೇಕು, ಕರೆದವರು ಎಲ್ಲಿದ್ದಾರೆ ಎಂಬ ವಿಳಾಸವೂ ಅದರ ಜೊತೆಗೇ ಹೋಗಬೇಕು. ನಿಮ್ಮ ಆಫೀಸಿನಲ್ಲಿ ಎಲ್ಲ ಫೋನುಗಳೂ ಹಾಗಿವೆ ಎಂದು ಜವಾಬ್ದಾರರು ಸಹಿ ಮಾಡಿ ಕಳಿಸಿ, ಎಂದು ಅದರಲ್ಲಿತ್ತು. ಜವಾಬ್ದಾರರು ಎಂದರೆ ಮುನೀರ್ ಸಾಹೇಬರು.

ಆಫೀಸಿನ ಮುಖ್ಯಸ್ಥ ಕೇಶವ ಮೈಸೂರಿನವರು, ಸಾಹೇಬರಿಗಿಂತ ಐದು ವರ್ಷ ಚಿಕ್ಕವರು. ಕೆಟ್ಟವರೇನಲ್ಲ. ಆದರೆ ಅವರಿಗೆ ಎಲ್ಲವೂ ನಿನ್ನೆಯೇ ಆಗಿರಬೇಕು.

"ಮುನೀರ್, ಇದೊಂದು ಫಾರ್ಮಾಲಿಟಿ. ಸೈನ್ ಮಾಡಿ ಕಳಿಸ್ಬಿಡಿ. ಸೋಮವಾರ ಫ್ಲೋರ್ ಓಪನಿಂಗ್, ಬೆಂಗಳೂರಿಂದ ಡೈರೆಕ್ಟರ್ ಬರ್ತಿದ್ದಾರೆ."

"ಒಮ್ಮೆ ಹಚ್ಚಿ ನೋಡಿ ಮಾಡ್ತೀನ್ರಿ ಸರ್."

"ಏನು ಹಚ್ಚಿ ನೋಡೋದು?"

"112 ರೀ."

ಸುಮ್ಮಸುಮ್ಮನೆ 112 ಒತ್ತುವಂತಿಲ್ಲ. ಸೇವೆ ಕೊಡುವವರು ಮೊದಲೇ ಕೇಂದ್ರಕ್ಕೆ ತಿಳಿಸಿ ಗುರುವಾರ ಹನ್ನೊಂದು ಗಂಟೆಯ ಸಮಯ ಕೊಡಿಸಿದರು. ಸಾಹೇಬರು ಹಿಂದಿನ ದಿನವೆಲ್ಲ ಡಚ್ ವಾಕ್ಯ ಉರು ಹೊಡೆದರು. ಇದು ಪರೀಕ್ಷೆಯ ಕರೆ, ನಿಮಗೆ ಯಾವ ವಿಳಾಸ ಕಾಣಿಸುತ್ತಿದೆ ದಯವಿಟ್ಟು ಹೇಳಿ. ರಿಮ್ಷಾ ಅವರ ಉಚ್ಚಾರ ತಿದ್ದಿ ತಿದ್ದಿ ಸುಸ್ತಾದಳು. ಗುರುವಾರ ಕೇಶವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸ್ಪೀಕರ್ ಹಾಕಿ ಸಾಹೇಬರು ಮೂರು ಅಂಕಿ ಒತ್ತಿದರು.

"ನಮಸ್ಕಾರ, ತುರ್ತು ಸಹಾಯವಾಣಿ. ಏನ್ ಸಮಸ್ಯೆ ಹೇಳಿ," ಎಂದಳು ಆ ಕಡೆಯ ಹೆಣ್ಣುಮಗಳು, ಅಚ್ಚ ಕನ್ನಡದಲ್ಲಿ.

ಸಾಹೇಬರು ಉರು ಹೊಡೆದ ಡಚ್ ಎಲ್ಲ ಗಾಳಿಗೆ ಹಾರಿಹೋಯಿತು. "ಇದು... ಟೆಸ್ಟ್ ಕಾಲ್ರಿ ಅಮ್ಮಾ. ಆಮ್‌ಸ್ಟರ್‌ಡ್ಯಾಮ್‌ದಿಂದ ಮಾತಾಡಾಕತ್ತೀನಿ."

"ಅದು ಯಾವ ಸ್ಟೇಷನ್ ಲಿಮಿಟ್ಸ್‌ಗೆ ಬರುತ್ತೆ ಸರ್? ನನಗಿಲ್ಲಿ ವೈಟ್‌ಫೀಲ್ಡ್ ಅಂತ ತೋರಿಸ್ತಿದೆ. ಗಾಡಿ ಕಳಿಸ್ಲಾ?"

"ಬ್ಯಾಡ್ರಿ, ಬ್ಯಾಡ್ರಿ! ತಪ್ಪಾತು, ನಂಬರ್ ನಿಮ್ಮ ಕಡೆ ಬಂದುಬಿಟ್ಟದ. ಕ್ಷಮಿಸ್ರಿ."

"ನೋಡ್ಕೊಂಡು ಮಾಡಿ ಸರ್, ಇಲ್ಲಿ ಬೇರೆಯವರು ಕಾಯ್ತಿರ್ತಾರೆ," ಎಂದು ಆಕೆ ಇಟ್ಟಳು. ಆಕೆಯ ಮಾತು ನ್ಯಾಯವಾಗಿಯೇ ಇತ್ತು.

ಆದದ್ದಿಷ್ಟು. ಆಫೀಸಿನ ಫೋನುಗಳನ್ನೆಲ್ಲ ಬೆಂಗಳೂರಿನ ಎಕ್ಸ್‌ಚೇಂಜಿಗೆ ಕಟ್ಟಿದ್ದರು. ತುರ್ತು ನಂಬರ್ ಅಲ್ಲಿಯೂ 112, ಇಲ್ಲಿಯೂ 112. ಜೈಡಾಸ್‌ನಲ್ಲಿ ಒತ್ತಿದ್ದು ಏಳೂವರೆ ಸಾವಿರ ಕಿಲೋಮೀಟರ್ ಹಾರಿ ಕರ್ನಾಟಕದಲ್ಲಿ ಸದ್ದು ಮಾಡಿತ್ತು. ಇಲ್ಲಿ ಯಾರಾದರೂ ಎದೆ ಹಿಡಿದುಕೊಂಡು ಬಿದ್ದಿದ್ದರೆ ಆಂಬ್ಯುಲೆನ್ಸ್ ವೈಟ್‌ಫೀಲ್ಡಿನ ಟ್ರಾಫಿಕ್ಕಿನಲ್ಲಿ ಹಾರ್ನ್ ಹೊಡೆಯುತ್ತ ನಿಂತಿರುತ್ತಿತ್ತು. ಕೇಶವ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರೂ ನಕ್ಕರು, ನಗುತ್ತಲೇ ಸಹಿಯ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟರು.

ಕರೆಯ ದಾರಿ ಬದಲಿಸುವುದು ಬೆಂಗಳೂರಿನವರಿಗೆ ಒಂದು ದಿನದ ಕೆಲಸ. ಶುಕ್ರವಾರ ಮತ್ತೆ ಸಮಯ ಕೇಳಿ ಒತ್ತಿದಾಗ ಡಚ್ ದನಿಯೇ ಬಂತು, ವಿಳಾಸವನ್ನೂ ಓದಿ ಹೇಳಿತು: ಐದನೆಯ ಮಹಡಿ, ಪೂರ್ವದ ಬದಿ. ಕೇಶವ ಪೆನ್ನಿನ ಮುಚ್ಚಳ ತೆಗೆದೇ ಕೊಟ್ಟರು. ಸಾಹೇಬರು ಪೆನ್ನು ಮುಟ್ಟಲಿಲ್ಲ.

"ಸರ್, ನಾವು ನಿಂತಿರೋದು ಆರನೇ ಮಹಡಿ."

ಇದು ಯಂತ್ರದ ತಪ್ಪಲ್ಲ, ನಮ್ಮ ಜನದ್ದು. ಆ ಆಫೀಸಿನಲ್ಲಿ ಯಾರೂ ತಮ್ಮ ಫೋನ್ ನಂಬರ್ ಬಿಟ್ಟುಕೊಡುವುದಿಲ್ಲ. ಜಾಗ ಬದಲಾದರೆ ಫೋನನ್ನು ಗೋಡೆಯಿಂದ ಕಿತ್ತು ಕಂಕುಳಲ್ಲಿಟ್ಟುಕೊಂಡು ಹೋಗಿ ಹೊಸ ಜಾಗದಲ್ಲಿ ಚುಚ್ಚಿಕೊಳ್ಳುತ್ತಾರೆ. ಕೈಪಿಡಿ ಬರೆಯುವ ವಿಭಾಗದ ಯತಿರಾಜ್ ಎಂಬ ಹಿರಿಯರದು 4527. ಕೂಡಿದರೆ ಹದಿನೆಂಟು, ಮತ್ತೆ ಕೂಡಿದರೆ ಒಂಬತ್ತು ಬರುತ್ತದೆ, ಅದು ತನಗೆ ಆಗಿಬರುವ ಸಂಖ್ಯೆ ಎಂದು ಅವರ ನಂಬಿಕೆ. ಸ್ವಾಗತದ ಮೇಜಿನ ಸರಳಾಗೆ ಅವಳ ಹುಟ್ಟಿದ ದಿನದ ನಂಬರ್ ಬೇಕು. ಆರನೆಯ ಮಹಡಿಯ ಉದ್ಘಾಟನೆಗೆ ಮೊದಲೇ ಅರ್ಧ ಜನ ಕಿಟಕಿಯ ಪಕ್ಕದ ಮೇಜುಗಳ ಮೇಲೆ ತಮ್ಮ ಫೋನು ತಂದಿಟ್ಟಿದ್ದರು, ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಹಾಗೆ. ವಿಳಾಸದ ಪಟ್ಟಿಯಲ್ಲಿ ಮಾತ್ರ ಅವೆಲ್ಲ ಹಳೆಯ ಜಾಗದಲ್ಲೇ ಇದ್ದವು. ಸಾಹೇಬರು ಸಂಜೆಯೊಳಗೆ ಎಣಿಸಿದರು. ಅರವತ್ತೊಂದು ಫೋನುಗಳು ಸುಳ್ಳು ಹೇಳುತ್ತಿದ್ದವು.

"ಎಲ್ರೂ ವಾಪಸ್ ಇಡಿ ಅಂತ ಮೇಲ್ ಹಾಕ್ತೀನಿ. ನೀವು ಸೈನ್ ಮಾಡಿ," ಎಂದರು ಕೇಶವ.

"ಇವತ್ತು ಇಡ್ತಾರ್ರಿ, ನಾಳೆ ಮತ್ತ ಹೊತ್ಕೊಂಡು ಹೋಗ್ತಾರ. ವಿಳಾಸ ಫೋನಿಗೆ ಕೊಡೂದು ಬ್ಯಾಡ, ಗೋಡೆಗೆ ಕೊಡೂಣು. ಯಾವ ಸಾಕೆಟ್‌ಗೆ ಚುಚ್ಚಿದ್ರೂ ಆ ಸಾಕೆಟ್ಟೇ ಜಾಗ ಹೇಳ್ಬೇಕು. ಎರಡು ವಾರ ಕೊಡ್ರಿ."

"ಎರಡು ವಾರ! ಡೈರೆಕ್ಟರ್‌ಗೆ ಏನು ಹೇಳ್ಲಿ? ಯಾರೂ ಚೆಕ್ ಮಾಡಲ್ಲ ಮುನೀರ್. ಮೂರು ವರ್ಷದಲ್ಲಿ ಈ ಆಫೀಸಿಂದ ಒಬ್ಬರಾದರೂ 112 ಮಾಡಿದ್ದಾರಾ?"

"ಇಲ್ರಿ."

"ಮತ್ತೆ?"

ಸಾಹೇಬರು ಅರವತ್ತೊಂದು ನಂಬರಿನ ಚೀಟಿಯನ್ನು ಮೇಜಿನ ಮೇಲಿಟ್ಟರು. ಕೇಶವ ಮುಖ ಬೇರೆ ಕಡೆ ಮಾಡಿ, "ಜೂನ್‌ನಲ್ಲಿ ನಿಮ್ಮ ಕಾಂಟ್ರ್ಯಾಕ್ಟ್ ರಿನ್ಯೂವಲ್ ಇದೆ. ಲೆಟರ್ ಬರೀಬೇಕಾದವನು ನಾನು. ನೆನಪಿರಲಿ," ಎಂದರು. ಆ ಮಾತು ಬಾಯಿಂದ ಬಿದ್ದ ಮೇಲೆ ಅವರಿಗೇ ಕಸಿವಿಸಿಯಾಗಿರಬೇಕು, ಬೇಗಬೇಗ ಹೊರಟುಹೋದರು.

ಅವತ್ತು ರಾತ್ರಿಯೂಟಕ್ಕೆ ಕೂತಾಗ ಸಾಹೇಬರು ಮನೆಯಲ್ಲಿ ಎಲ್ಲವನ್ನೂ ಹೇಳಿದರು. ಕೆಲಸ ಹೋದರೆ ಪರ್ಮಿಟ್ ಹೋಗುತ್ತದೆ. ಪರ್ಮಿಟ್ ಹೋದರೆ ಈ ಮನೆ, ರಿಮ್ಷಾಳ ಶಾಲೆ, ಎಂಟು ವರ್ಷ ಕಟ್ಟಿಕೊಂಡದ್ದೆಲ್ಲ ಪೆಟ್ಟಿಗೆ ಸೇರುತ್ತದೆ. ಆಯೆಷಾಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. "ಕೈಕು ಜೀ ಇತ್ತಾ ಹಟ?" ಎಂದು ಕೇಳಿದಳು. ಇಷ್ಟು ಹಟ ಯಾಕೆ, ಈಗ ಸಹಿ ಹಾಕಿ, ಆಮೇಲೆ ನಿಧಾನವಾಗಿ ಸರಿ ಮಾಡಿದರೆ ಆಗದೇ ಎಂಬುದು ಅವಳ ಪ್ರಶ್ನೆ. ಒಪ್ಪುವಂಥ ಪ್ರಶ್ನೆಯೇ. ಆ ನಡುವೆ ಯಾರಿಗಾದರೂ ಏನಾದರೂ ಆದರೆ, ಎಂದರು ಸಾಹೇಬರು. ಆಯೆಷಾ ಇನ್ನೊಂದು ರೊಟ್ಟಿ ಅವರ ತಟ್ಟೆಗೆ ಹಾಕಿದಳು. ಅವಳು ಒಪ್ಪಿದ್ದು ಹಾಗೆ.

ಸೋಮವಾರದ ಉದ್ಘಾಟನೆ ಮುಂದೆ ಹೋಯಿತು. ಡೈರೆಕ್ಟರು ಐದನೆಯ ಮಹಡಿಯಲ್ಲೇ ಕಾಫಿ ಕುಡಿದು ಹೋದರು. ಸಾಹೇಬರು ಮೇಜಿನ ಕೆಳಗೆ ಇಳಿದರು. ಎರಡೂ ಮಹಡಿ ಸೇರಿ ಇನ್ನೂರ ಹದಿನಾಲ್ಕು ಸಾಕೆಟ್ಟುಗಳು. ಒಂದೊಂದಕ್ಕೂ ಸಂಖ್ಯೆ ಬರೆದು ಅಂಟಿಸುವುದು, ಮಹಡಿ, ಬದಿ, ಕೋಣೆ ಎಲ್ಲವನ್ನೂ ಕಂಪ್ಯೂಟರಿಗೆ ಸೇರಿಸುವುದು, ಆಮೇಲೆ ಒಂದು ಫೋನು ತಂದು ಚುಚ್ಚಿ, ವಿಳಾಸ ಓದಿ ಹೇಳುವ ಪರೀಕ್ಷೆಯ ನಂಬರ್ ಒತ್ತಿ, ಕೇಳಿ, ಕಿತ್ತು, ಮುಂದಿನದಕ್ಕೆ ತೆವಳುವುದು. ಮೊಣಕಾಲು ಸುಲಿಯಿತು. ಸಿಕ್ಕ ವಸ್ತುಗಳು ಬೇರೆ: ಏಳು ಪೆನ್ನು, ಒಂದು ಕಿವಿಯೋಲೆ, ಯಾರದೋ ಚಕ್ಕುಲಿಯ ಡಬ್ಬಿ. ಸರಳಾ ಮೇಲಿನಿಂದ ಬಗ್ಗಿ, "ಸಾಹೇಬ್ರೇ, ಅಲ್ಲೇ ಮನೆ ಮಾಡ್ಬಿಟ್ರಾ?" ಎಂದು ರೇಗಿಸುತ್ತಿದ್ದಳು. ಕೇಶವ ಮಾತ್ರ ಪಕ್ಕದಲ್ಲಿ ಹಾದುಹೋದರೂ ಮಾತಾಡುತ್ತಿರಲಿಲ್ಲ. ವಿಚಿತ್ರವೆಂದರೆ ಸಾಹೇಬರಿಗೆ ಆ ದಿನಗಳು ಚೆನ್ನಾಗಿಯೇ ಇದ್ದವು. ಒಂದೊಂದು ಸಾಕೆಟ್ಟು ತನ್ನ ಜಾಗವನ್ನು ಸರಿಯಾಗಿ ಹೇಳಿದಾಗಲೂ ಅವರಿಗೆ ಮನಸ್ಸು ತುಂಬಿ ಬರುತ್ತಿತ್ತು.

ಹನ್ನೆರಡನೆಯ ದಿನ ಅವರು ಸಹಿ ಹಾಕಿದರು. ಕೇಶವ ಕಾಗದ ತೆಗೆದುಕೊಂಡರು, ಥ್ಯಾಂಕ್ಸ್ ಅನ್ನಲಿಲ್ಲ. ಏಪ್ರಿಲ್ ಕಳೆಯಿತು, ಮೇ ಅರ್ಧವಾಯಿತು. ಕಾಂಟ್ರ್ಯಾಕ್ಟಿನ ಪತ್ರದ ಸುದ್ದಿಯೇ ಇರಲಿಲ್ಲ. ಆಯೆಷಾ ಕೇಳುವುದನ್ನೂ ಬಿಟ್ಟಳು.

ಮೇ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಮೂರರ ಹೊತ್ತು. ಆರನೆಯ ಮಹಡಿಯ ಲಿಫ್ಟಿನ ಬಾಗಿಲು ತೆರೆಯಿತು. ಹಳದಿ ಹಸಿರು ಜಾಕೆಟ್ಟಿನ ಮೂವರು ಮಂಚದಂಥ ಗಾಡಿ ತಳ್ಳಿಕೊಂಡು ಹೊರಬಂದರು. ಲಿಫ್ಟಿಗಾಗಿ ಕಾಯುತ್ತ ನಿಂತಿದ್ದ ಸಾಹೇಬರಿಗೆ ಮುಂದಿದ್ದ ಹೆಂಗಸು ಡಚ್ಚಿನಲ್ಲಿ, ದಾರಿ ಬಿಡಿ, ಎಂದಳು. ಸಾಹೇಬರು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಮೇಜುಗಳಲ್ಲಿ ಕೂತವರೆಲ್ಲ ಎದ್ದು ನಿಂತರು. ಯಾರಿಗೂ ಏನೂ ಗೊತ್ತಿರಲಿಲ್ಲ. ಮೂವರು ಯಾರನ್ನೂ ಒಂದು ಮಾತು ಕೇಳಲಿಲ್ಲ. ಎಡಕ್ಕೆ ತಿರುಗಿ, ಉದ್ದಕ್ಕೆ ನಡೆದು, ಪಶ್ಚಿಮದ ಮೂಲೆಯ ಸಣ್ಣ ಮೀಟಿಂಗ್ ರೂಮಿನ ಬಾಗಿಲು ತಳ್ಳಿದರು.

ನೆಲದ ಮೇಲೆ ಯತಿರಾಜ್ ಇದ್ದರು. ಬಾಯಿ ಒಂದು ಬದಿಗೆ ಎಳೆದುಕೊಂಡಿತ್ತು, ಬಲಗೈ ಏಳುತ್ತಿರಲಿಲ್ಲ. ಗಲಾಟೆಯಿಲ್ಲದೆ ಬರೆಯೋಣವೆಂದು ಅವತ್ತು ಬೆಳಿಗ್ಗೆಯಷ್ಟೇ ಯಾರಿಗೂ ಹೇಳದೆ ಫೋನು ಹೊತ್ತು ಆ ಕೋಣೆಗೆ ಬಂದು ಅಲ್ಲಿನ ಸಾಕೆಟ್ಟಿಗೆ ಚುಚ್ಚಿಕೊಂಡಿದ್ದರು. ಎಡಗೈಯಲ್ಲಿ ಮೂರು ಅಂಕಿ ಒತ್ತಿದ್ದಷ್ಟೇ ಅವರಿಂದ ಆದದ್ದು. ಆ ಕಡೆಯವರಿಗೆ ಕೇಳಿದ್ದು ಬರೀ ನರಳಾಟ. ಒಂದು ಶಬ್ದವೂ ಹೊರಟಿರಲಿಲ್ಲ.

ಸಂಜೆ ಆಸ್ಪತ್ರೆಯಿಂದ ಸರಳಾ ಫೋನು ಮಾಡಿದಳು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ್ದಕ್ಕೆ ಔಷಧಿ ಹೊತ್ತಿಗೆ ಸರಿಯಾಗಿ ಬಿದ್ದಿದೆ, ಬೆರಳು ಆಡಿಸುತ್ತಿದ್ದಾರೆ, ಇನ್ನೊಂದು ಗಂಟೆ ತಡವಾಗಿದ್ದರೆ ಏನೂ ಹೇಳುವ ಹಾಗಿರಲಿಲ್ಲ ಎಂದರಂತೆ ಡಾಕ್ಟರು. ಸಾಹೇಬರು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತರು. ಮುಖ ತೊಳೆದು ಕೆಳಗಿಳಿದಾಗ ಸೈಕಲ್ ನಿಲ್ಲಿಸುವ ಜಾಗದಲ್ಲಿ ಕೇಶವ ನಿಂತಿದ್ದರು. ಅವರು ಬರುವುದು ಕಾರಿನಲ್ಲಿ. ಅಲ್ಲಿ ಅವರಿಗೇನೂ ಕೆಲಸವಿರಲಿಲ್ಲ.

"ಆಂಬ್ಯುಲೆನ್ಸಿನವರಿಗೆ ಆ ರೂಮು ಯಾರು ತೋರಿಸಿದ್ದು ಮುನೀರ್? ಎಲ್ರನ್ನೂ ಕೇಳ್ದೆ. ಯಾರೂ ತೋರಿಸಿಲ್ಲ ಅಂತಾರೆ."

"ಯತಿರಾಜ್ ಸರ್ ಕರದ್ರು. ಅವರು ಬಂದ್ರು. ಅಷ್ಟ ರೀ."

ನಾಳೆ ಬೆಳಿಗ್ಗೆಯೇ ಕಾಂಟ್ರ್ಯಾಕ್ಟಿನ ಪತ್ರ ಕಳಿಸುತ್ತೇನೆ ಎಂದರು ಕೇಶವ. ಆಮೇಲೆ ದನಿ ತಗ್ಗಿಸಿ, "ಆವತ್ತು ನೀವು ನನ್ನ ಮಾತು ಕೇಳಿ ಸೈನ್ ಮಾಡಿದ್ದಿದ್ರೆ?" ಎಂದು ಕೇಳಿದರು.

"ಮಾಡ್ಲಿಲ್ಲಲ್ರಿ ಸರ್," ಎಂದರು ಮುನೀರ್ ಸಾಹೇಬರು. ಸೈಕಲ್ಲಿನ ಬೀಗ ತೆಗೆದು, ಮನೆಯ ದಾರಿ ಹಿಡಿದರು.