ಖಾಲಿ ಡಿಸ್ಕಿನ ನಕಲು

ಕುಂಕುಮ ಹಚ್ಚಿದರೆ ಹಾರ್ಡ್ ಡಿಸ್ಕ್ ಉಳಿಯುತ್ತದೆ ಎಂದು ನಾನು ಅಂದೂ ನಂಬಿರಲಿಲ್ಲ, ಇವತ್ತೂ ನಂಬುವುದಿಲ್ಲ. ಆದರೂ ಆ ದಿನ ಅದನ್ನು ಒರೆಸಬಾರದಿತ್ತು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಡಿಗ್ರಿ ಮುಗಿಸಿ ಚಳ್ಳಕೆರೆಯ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ, ಎದುರಿಗಿದ್ದವರು ಬಾಯಿ ತೆರೆದರೆ ಸಾಕು, ನನ್ನ ಉತ್ತರ ತಯಾರಿರುತ್ತಿತ್ತು. ಅವರು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುವ ಅಭ್ಯಾಸ ಮಾತ್ರ ಆಗಿರಲಿಲ್ಲ.

ಮೊಳಕಾಲ್ಮೂರಿನಿಂದ ಅಪ್ಪ-ಮಗಳು ಬಂದಿದ್ದರು. ಹಳೆಯ ಪಂಚೆಯಲ್ಲಿ ಸುತ್ತಿದ ಸಿಪಿಯು ಡಬ್ಬಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದರು. ಅಪ್ಪ, ಅಂದರೆ ಯಜಮಾನರು, ರೇಷ್ಮೆ ಸೀರೆಯ ಅಂಚು, ಸೆರಗುಗಳ ಚಿತ್ರ ಬರೆಯುವವರು. ಗ್ರಾಫ್ ಹಾಳೆಯ ಒಂದೊಂದು ಚೌಕವೂ ಒಂದೊಂದು ಎಳೆ; ಆ ಹಾಳೆ ನೋಡಿ ರಟ್ಟಿಗೆ ತೂತು ಕೊರೆಯುತ್ತಾರೆ, ರಟ್ಟಿನ ತೂತಿನ ಪ್ರಕಾರ ಮಗ್ಗ ನೇಯುತ್ತದೆ. ಹಾಳೆಗಳ ಪೆಟ್ಟಿಗೆಗೆ ಗೆದ್ದಲು ಹಿಡಿದಿತ್ತು. ಉಳಿದದ್ದನ್ನೂ ಅಪ್ಪನ ನೆನಪಿನಲ್ಲಿದ್ದದ್ದನ್ನೂ ಮಗಳು ಎರಡು ವರ್ಷ ಕೂತು, ಚೌಕ ಚೌಕವಾಗಿ ಕಂಪ್ಯೂಟರಿಗೆ ಏರಿಸಿದ್ದಳು. ಹೆಚ್ಚುಕಡಿಮೆ ನೂರು ಚಿತ್ರ; ಆಮೇಲೆ ಗೆದ್ದಲು ತಿಂದ ಹಾಳೆಗಳನ್ನು ಸುಟ್ಟುಹಾಕಿದ್ದರು. ಈಗ ಡಿಸ್ಕಿನಿಂದ ಟಕ್ ಟಕ್ ಸದ್ದು ಬರತೊಡಗಿತ್ತು. ಸಾಫ್ಟ್‌ವೇರ್ ಹಾಕಿಕೊಟ್ಟವನು ಮತ್ತೆ ಸಿಕ್ಕಿರಲಿಲ್ಲ, ಅದಿಲ್ಲದೆ ಚಿತ್ರಗಳು ತೆರೆಯುತ್ತಿರಲಿಲ್ಲ. ಹಾಗಾಗಿ ಇಡೀ ಡಿಸ್ಕನ್ನೇ ಇದ್ದ ಹಾಗೆ ಇನ್ನೊಂದಕ್ಕೆ ಇಳಿಸಬೇಕಿತ್ತು.

"ಒಂದು ಹೋದ್ರೆ ಇನ್ನೊಂದ್ರಾಗೆ ಇರ್ತೈತೆ ಯಜಮಾನ್ರೇ, ಭಯ ಬಿಡ್ರಿ" ಎಂದೆ.

ನಮ್ಮ ಮಾಲೀಕರು ಅದೇ ಕಂಪನಿಯ, ಅದೇ ಅಳತೆಯ ಹೊಸ ಡಿಸ್ಕ್ ತರಿಸಿದ್ದರು. ಮಗಳು, ನಾನು ಅಕ್ಕ ಎನ್ನುತ್ತಿದ್ದವಳು, ಅದನ್ನು ಕೈಗೆ ತೆಗೆದುಕೊಂಡು, ಚೀಲದಿಂದ ಕುಂಕುಮದ ಪೊಟ್ಟಣ ತೆಗೆದು, ಲೇಬಲ್ಲಿನ ಮೇಲೆ ಬೊಟ್ಟಿಟ್ಟಳು.

"ಏನಕ್ಕ ಇದು?"

"ಹೊಸಾದಲ್ವೇನಪ್ಪಾ. ಹೊಸ ಮಗ್ಗಕ್ಕೂ ಹಚ್ತೀವಿ, ಹೊಸ ಲಾಳಿಗೂ ಹಚ್ತೀವಿ."

"ಲಾಳಿಗೆ ಹಚ್ಚಿದ್ರೆ ಎಳೆ ಕಡಿಯಲ್ವಾ?"

"ಕಡೀತೈತೆ. ಗಂಟು ಹಾಕ್ತೀವಿ."

ಯಜಮಾನರು ನಕ್ಕರು. "ಬಾಯಿ ಬಾಳ ಐತೆ ಈ ಹುಡುಗಂಗೆ."

"ಪುಡಿ ಒಳಗೆ ಹೋದ್ರೆ ಮೆಷೀನು ಕೆಡ್ತೈತೆ ಯಜಮಾನ್ರೇ, ಅದಕ್ಕೇ ಹೇಳ್ದೆ" ಎಂದೆ. ಅದು ಸುಳ್ಳು. ಅಂಥ ಬೊಟ್ಟಿನಿಂದ ಡಿಸ್ಕಿಗೆ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಗಂಟಿನ ಮಾತಿಗೆ ಉತ್ತರ ಸಿಗದೆ ಹೇಳಿದ್ದು.

"ಇರ್ಲಿ ಬಿಡಪ್ಪ, ಯಾವ್ದು ಹೊಸಾದು ಅಂತನಾದ್ರೂ ಗೊತ್ತಾಗ್ತೈತೆ" ಎಂದಳು ಅಕ್ಕ.

"ಅಷ್ಟೂ ಗೊತ್ತಾಗ್ದೇ ಇಲ್ಲಿ ಕೂತಿದೀನೇನಕ್ಕ?"

ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಒರೆಸಿದೆ. ಅದೇ ಕೈಯಲ್ಲಿ ಹಳೆಯದನ್ನೂ ಡಬ್ಬಿಯಿಂದ ಬಿಚ್ಚಿ ಧೂಳು ತೆಗೆದೆ. ಎರಡನ್ನೂ ಮೇಜಿನ ಮೇಲಿಟ್ಟುಕೊಂಡು, ನಂಬಿಕೆ ಎಂದರೇನು, ಅಭ್ಯಾಸ ಎಂದರೇನು ಎಂದು ಅಕ್ಕನಿಗೆ ಹೇಳುತ್ತಲೇ ಇದ್ದೆ. ಯಾವುದು ಮೊದಲು, ಯಾವುದು ಎರಡನೆಯದು ಎಂದು ಡಿಸ್ಕಿನ ಹಿಂಬದಿಯ ಸಣ್ಣ ಪಿನ್ನು ಬದಲಿಸಿ ಗೊತ್ತುಮಾಡಬೇಕು. ಅದನ್ನೂ ಮಾತಿನ ನಡುವೆಯೇ ಮಾಡಿದೆ. ಯಾವುದರಿಂದ ಯಾವುದಕ್ಕೆ ಎಂದು ಪರದೆ ಕೇಳಿತು. ಒಳಗೆ ಏನಿದೆ ಎಂದು ತೆರೆದು ನೋಡಲು ಎರಡು ನಿಮಿಷ ಸಾಕಿತ್ತು. ಅಕ್ಕ ಹಿಂದೆಯೇ ನಿಂತಿದ್ದಳು. ನನಗೇ ಅನುಮಾನ ಇದೆ ಎಂದುಕೊಂಡಾಳು ಎಂದು ನೋಡಲಿಲ್ಲ.

ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ಅಪ್ಪ-ಮಗಳು ಮಂಡಕ್ಕಿ ತಿಂದು ಬಂದರು. ನೂರಕ್ಕೆ ನೂರು ಎಂದು ತೋರಿಸಿದ್ದನ್ನು ನಾನೇ ಕರೆದು ತೋರಿಸಿದೆ. ಹೊಸದೆಂದುಕೊಂಡ ಡಿಸ್ಕನ್ನು ಅವರ ಡಬ್ಬಿಗೆ ಹಾಕಿ ಚಾಲೂ ಮಾಡಿದರೆ ಕಪ್ಪು ಪರದೆಯ ಮೇಲೆ, ಡಿಸ್ಕಿನಲ್ಲಿ ಏನೂ ಇಲ್ಲವೆಂದು ಒಂದು ಬಿಳಿ ಸಾಲು. ಇನ್ನೊಂದನ್ನು ಹಾಕಿದೆ. ಅದೇ ಸಾಲು. ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಇಳಿಸಿದ್ದೆ.

"ಒಂದು ಹೋದ್ರೆ ಇನ್ನೊಂದ್ರಾಗೆ ಇರ್ತೈತೆ ಅಂದಿದ್ಯಲ್ಲಪ್ಪ" ಎಂದರು ಯಜಮಾನರು. ಆಕ್ಷೇಪಣೆಯಲ್ಲ, ನಿಜವಾಗಿಯೂ ಕೇಳುತ್ತಿದ್ದರು.

ಅಕ್ಕನಿಗೆ ಮೊದಲು ಅರ್ಥವಾಯಿತು. "ಎಷ್ಟು ಉಳಿದಾವೆ?"

ನಾನು ತಲೆ ಅಲ್ಲಾಡಿಸಿದೆ.

"ಒಂದೂ?" ಎಂದಳು. ಆಮೇಲೆ, "ಅವಾಗ ಅಷ್ಟು ಮಾತಾಡಿದ್ಯಲ್ಲೋ. ಈಗ ಮಾತಾಡು."

ಮಾಲೀಕರು ಬೆಂಗಳೂರಿಗೆ ಫೋನ್ ಮಾಡಿ ವಿಚಾರಿಸಿದರು. ಅಳಿಸಿದ್ದಾದರೆ ನೋಡಬಹುದಿತ್ತು, ಮೇಲೆ ಇನ್ನೊಂದು ಬರೆದುಹೋಗಿದ್ದರೆ ಯಾರಿಂದಲೂ ಆಗದು ಎಂದರಂತೆ. ಕುಂಕುಮಕ್ಕೆ ಶಕ್ತಿ ಇತ್ತೆಂದು ನಾನು ಈಗಲೂ ಒಪ್ಪುವುದಿಲ್ಲ. ಅದೊಂದು ಗುರುತಾಗಿತ್ತು. ಗುರುತು ಮಾಡುವ ಬುದ್ಧಿ ಅಕ್ಕನಿಗಿತ್ತು, ನನಗಿರಲಿಲ್ಲ.

ಮುಂದಿನ ಭಾನುವಾರ ಖಾಲಿ ಗ್ರಾಫ್ ಹಾಳೆಗಳ ಕಟ್ಟು ಹಿಡಿದು ಮೊಳಕಾಲ್ಮೂರಿನ ಬಸ್ ಹತ್ತಿದೆ. ಅಕ್ಕ ಬಾಗಿಲಲ್ಲಿ ನಿಂತು, "ಏನ್ ವಾದ ಮಾಡಾಕೆ ಬಂದೆ?" ಎಂದಳು. ಒಳಗಿನಿಂದ ಯಜಮಾನರು, "ಬಿಡವ್ವ, ಬರ್ಲಿ" ಎಂದರು.

ಆರು ತಿಂಗಳು ಪ್ರತಿ ಭಾನುವಾರ ಹೋದೆ. ನೇಕಾರರ ಮನೆಗಳಲ್ಲಿ ಹಳೆಯ ರಟ್ಟು ಕೇಳಿದೆವು. ಬಹಳಷ್ಟು ನೀರೊಲೆ ಸೇರಿದ್ದವು. ಗುರುತಿನ ಹೆಂಗಸರು ಪೆಟ್ಟಿಗೆಯಿಂದ ಸೀರೆ ತೆಗೆದು ಕೊಟ್ಟರು. ಯಜಮಾನರ ಕಣ್ಣಿಗೆ ಪೊರೆ ಬಂದಿತ್ತು. ಅಂಚನ್ನು ಬೆರಳಿನಿಂದ ಸವರುತ್ತಾ ಹೂವು ಯಾವುದು, ಬಳ್ಳಿ ಯಾವುದು ಹೇಳುವರು. ನಾನು ಭೂತಗನ್ನಡಿ ಹಿಡಿದು ಎಳೆ ತೋರಿಸಿದರೆ, ಅವರು "ಒಕಟಿ, ರೆಂಡು, ಮೂಡು" ಎಂದು ಕಸುಬು ಕಲಿತ ತೆಲುಗಿನಲ್ಲೇ ಎಣಿಸುವರು. ನಾನು ಚೌಕ ತುಂಬುವೆ. ಹೀಗೆ ಹನ್ನೊಂದು ಚಿತ್ರ ಮರಳಿ ಬಂದವು.

ಹನ್ನೆರಡನೆಯದು ಅವರು ಸ್ವಂತವಾಗಿ ಬರೆದ ಮೊದಲ ಸೆರಗು, ಗಿಳಿಯದು. ಅದರ ಸೀರೆ ಎಲ್ಲೂ ಸಿಗಲಿಲ್ಲ. ಕಣ್ಣು ಮುಚ್ಚಿ ನೆನಪಿನಿಂದಲೇ ಹೇಳುತ್ತಾ ಹೋದರು. ಕೊಕ್ಕು ಬಂತು, ಕಣ್ಣು ಬಂತು, ಕುತ್ತಿಗೆ ಬಂತು. ರೆಕ್ಕೆಯ ಹತ್ತಿರ ನಿಂತುಬಿಟ್ಟರು. ನಾನು ಪೆನ್ಸಿಲನ್ನು ಚೌಕದ ಮೇಲೇ ಹಿಡಿದಿದ್ದೆ.

"ಎಲ್ಲೋ ಹೋತಪ್ಪ" ಎಂದರು. "ನಿಂಗೆ ತೋಚಿದ್ದು ಹಾಕು. ಯಾರಿಗೆ ಗೊತ್ತಾಗ್ತೈತೆ."

"ಬ್ಯಾಡ, ಹಂಗೇ ಬಿಡು" ಎಂದಳು ಅಕ್ಕ, ಮಗ್ಗದಿಂದ ಏಳದೆ.

ನಾನು ಪೆನ್ಸಿಲ್ ಕೆಳಗಿಟ್ಟೆ. ದೀಪಾವಳಿ ಕಳೆದ ಮೇಲೆ ಯಜಮಾನರು ಹಾಸಿಗೆ ಹಿಡಿದರು, ಮತ್ತೆ ಏಳಲಿಲ್ಲ. ಆ ಹಾಳೆ ಈಗಲೂ ಅಕ್ಕನ ಹತ್ತಿರ ಇದೆ. ಗಿಳಿಯ ಕುತ್ತಿಗೆಯಿಂದ ಕೆಳಗೆ ಚೌಕಗಳೆಲ್ಲ ಬಿಳಿ. ಅದನ್ನು ಯಾವ ಮಗ್ಗವೂ ನೇಯಲಾರದು.