ಬಣ್ಣಕ್ಕೆಂದು ಬೊಂಬಾಯಿಗೆ

ಬೊಂಬಾಯಿಗೆ ಬಂದ ಮೊದಲ ವಾರವೇ ಅಣ್ಣ ನನ್ನನ್ನು ಜುಹು ಕಡಲತೀರಕ್ಕೆ ಕರೆದುಕೊಂಡು ಹೋದ. ಕಡಲು ನನಗೆ ಹೊಸದಲ್ಲ, ಉಡುಪಿಯ ಹತ್ತಿರ ಹುಟ್ಟಿದವಳು. ಆದರೆ ಅಲ್ಲಿ ಮಟಮಟ ಮಧ್ಯಾಹ್ನ, ಮೈಗೆಲ್ಲ ಎಣ್ಣೆ ಬಳಿದುಕೊಂಡು, ಬಿಳಿಯ ಹೆಂಗಸೊಬ್ಬಳು ಮರಳಿನ ಮೇಲೆ ಕವುಚಿ ಮಲಗಿದ್ದಳು. ಪ್ರಾಣ ಹೋಗಿದೆಯೇನೋ ಎಂದು ಹೆದರಿ ಅಣ್ಣನ ತೋಳು ಹಿಡಿದೆ.

"ಸತ್ತದ್ದಲ್ಲ ಮಾರಾಯ್ತಿ, ಬಿಸಿಲು ಕಾಯಿಸ್ತಾ ಇರುವುದು. ಅವರಿಗೆ ಮೈ ಸ್ವಲ್ಪ ಕಪ್ಪಾದರೆ ಚಂದವಂತೆ," ಅಂದ.

ನನಗೆ ನಗು ತಡೆಯಲಾಗಲಿಲ್ಲ. ಅಮ್ಮ ನನ್ನನ್ನು ಬೊಂಬಾಯಿಗೆ ಕಳಿಸಿದ್ದೇ ಬೆಳ್ಳಗಾಗಲಿ ಎಂದು.

ಎಪ್ಪತ್ತರ ದಶಕದ ಆರಂಭದ ಮಾತು. ಬೊಂಬಾಯಿಯಿಂದ ರಜೆಗೆ ಬಂದವರೆಲ್ಲ ಬೆಳ್ಳಗೆ ಬಿಳುಚಿಕೊಂಡು ಬರುತ್ತಿದ್ದರು. 'ಬೊಂಬಾಯಿ ನೀರು ಹಿಡಿದಿದೆ' ಎಂದು ಊರು ಹೊಗಳುತ್ತಿತ್ತು. ಗದ್ದೆಯ ಬಿಸಿಲಲ್ಲಿ ಬೆಳೆದ ನನ್ನನ್ನು ಎರಡು ಕಡೆಯ ಗಂಡಿನವರು ಬಣ್ಣ ಸಾಲದೆಂದು ಬಿಟ್ಟುಹೋದ ಮೇಲೆ ಅಮ್ಮ ಆ ನೀರನ್ನೇ ನಂಬಿದಳು.

ನೀರಿನ ಗುಟ್ಟು ಪರೇಲ್‌ನ ಚಾಳಿಗೆ ಬಂದ ದಿನವೇ ತಿಳಿಯಿತು. ಹೋಟೆಲಿನಲ್ಲಿ ದುಡಿಯುವ ಅಣ್ಣನಿಗೂ ಅತ್ತಿಗೆಗೂ ಇದ್ದದ್ದು ಒಂದೇ ಕೋಣೆ, ಅದರೊಳಗೆ ಬಿಸಿಲು ಕಾಲಿಡುವುದೇ ಇಲ್ಲ. ಊರಲ್ಲಾದರೆ ಬಿಸಿಲು ದಿನವಿಡೀ ಅಂಗಳದಲ್ಲಿ ಬಿದ್ದುಕೊಂಡಿರುತ್ತದೆ, ಕೇಳುವವರಿಲ್ಲ. ಇಲ್ಲಿ ಅದು ಕೋಣೆಗಳ ಮುಂದಿನ ಗ್ಯಾಲರಿಗೆ ಬಂದು, ಸ್ವಲ್ಪ ಹೊತ್ತು ನಿಂತು, ಮಿಲ್ಲಿನ ಗೋಡೆಯ ಹಿಂದೆ ಸರಿದುಬಿಡುತ್ತಿತ್ತು. "ಊನ್ ಆಲಂ!" ಎಂದು ಪಕ್ಕದ ಕೋಣೆಯ ಮರಾಠಿ ಮಾವಶಿ ಕೂಗುತ್ತಿದ್ದರು. ಬಿಸಿಲು ಬಂತು ಎಂದರ್ಥ. ಹೆಂಗಸರೆಲ್ಲ ಹಪ್ಪಳ, ದಿಂಬು ಹೊತ್ತು ಓಡಿಬರುವರು. ನಾನು ಮೊದಲು ಕಲಿತ ಮರಾಠಿ ಅದೇ. ಒಂದು ದಿನ ಮಾವಶಿಗಿಂತ ಮೊದಲು ನಾನೇ ಹಾಗೆ ಕೂಗಿದಾಗ ಇಡೀ ಗ್ಯಾಲರಿ ನಕ್ಕಿತು. ಊರು ಬಿಟ್ಟ ಮೇಲೆ ಅಂದು ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಅತ್ತಿಗೆಯ ಕಾವಲು ಬಿಗಿ. ಮುಖಕ್ಕೆ ಕಡಲೆಹಿಟ್ಟು, ಹಾಲಿನ ಕೆನೆ. ಕೆಳಗೆ ತರಕಾರಿಗೆ ಹೋಗಲೂ ಕೊಡೆ.

"ಬೇಕಾದರೆ ಬಿಸಿಲಿಗೆ ಕಾಲು ಚಾಚಿ ಕೂತ್ಕೋ," ಅನ್ನುತ್ತಿದ್ದಳು. "ಸೀರೆಯಡಿ ಯಾರು ನೋಡ್ತಾರೆ? ಮುಖ ಮಾತ್ರ ಒಳಗಿರ್ಲಿ."

ಹಾಗೆ ಹೊಸ್ತಿಲಲ್ಲಿ ಕೂರುತ್ತಿದ್ದೆ, ಪಾದ ಬಿಸಿಲಿಗೆ, ಮುಖ ಕತ್ತಲೆಗೆ. ಪಾದ ಬೆಚ್ಚಗಾಗುತ್ತಿದ್ದಂತೆ ಕಣ್ಣು ಮುಚ್ಚಿಹೋಗುತ್ತಿತ್ತು. ಗದ್ದೆಯ ಕೆಸರು, ಕೊಕ್ಕರೆಗಳು, ಅಮ್ಮನ ಬೆವರಿದ ಬೆನ್ನು ಎಲ್ಲ ತೇಲಿ ಬರುತ್ತಿದ್ದವು. ಮಿಲ್ಲಿನ ಪಾಳಿ ಬದಲಿಸುವ ಭೋಂಗಾ ಕೂಗಿದಾಗ ಎಚ್ಚರವಾಗಿ ನೋಡಿದರೆ ಪಾದದ ಮೇಲೆ ನೆರಳು. ಕನ್ನಡಿಯಲ್ಲಿ ಮಾತ್ರ ನಾನು ನೆನೆಹಾಕಿದ ಅಕ್ಕಿಯ ಹಾಗೆ ಬೆಳ್ಳಗಾಗುತ್ತ ಹೋದೆ. ಸಂತೋಷವಾಗುತ್ತಿತ್ತು, ಸುಳ್ಳು ಹೇಳಲಾರೆ.

ಬೊಂಬಾಯಿಯಲ್ಲೇ ಕೆಲಸದಲ್ಲಿರುವ ಹುಡುಗನ ಮನೆಯವರು ನೋಡಲು ಬರುತ್ತಾರೆಂದು ಸುದ್ದಿ ಬಂದಾಗ ಊರಿಗೆ ಹೊರಟೆ. ಮಳೆಗಾಲ ಮುಗಿದು, ಎರಡನೆಯದಾದ ಸುಗ್ಗಿ ಬೆಳೆಗೆ ನೇಜಿ, ಭತ್ತದ ಸಸಿ, ನೆಡುವ ಕಾಲ. ಬಸ್ಸಿಳಿದು ಮನೆಗೆ ಬಂದವಳು ಸೀರೆ ಎತ್ತಿಕಟ್ಟಿ ನೇರ ಗದ್ದೆಯಂಚಿಗೆ ಓಡಿದೆ. ಬಿಸಿಲು ಕಣ್ಣಿಗೆ ಕುಕ್ಕಿತು, ಎಷ್ಟು ಹಿತವಾಯಿತು! ತಲೆಗೆ ಬೈರಾಸು ಸುತ್ತಿ ನೆಡುತ್ತಿದ್ದ ಅಮ್ಮ ನನ್ನನ್ನು ಕಂಡದ್ದೇ ಕೂಗಿಕೊಂಡಳು.

"ಇಳೀಬೇಡ ಮಗಾ! ನಾಳೆ ಗಂಡಿನವರು ಬರ್ತಾರೆ. ಕೊಡೆ ತಗೊಂಡು ಬಾ."

"ಒಂದು ಸಾಲು ನೆಡ್ತೇನಮ್ಮ. ಬಿಸಿಲಿಗೆ ನಿಲ್ಲದೆ ಎಷ್ಟು ಕಾಲ ಆಯ್ತು!"

"ಬೇಡ, ಕೈ ಮುಗೀತೇನೆ. ನನ್ನ ಹಾಗೆ ಆಗ್ಬೇಡ."

ನಾನು ಅವಳ ಹಾಗೆಯೇ ಇದ್ದವಳು. ಆ ಮಾತಿಗೆ ಅಳು ಬಂತು. ಆದರೂ ಕೊಡೆ ತಂದು ಅಂಚಿನಲ್ಲಿ ನಿಂತೆ. ಮರುದಿನ ಬಂದವರು ಒಪ್ಪಿದ್ದು, ನಾನು ಪರೇಲ್‌ಗೇ ಮರಳಿ ಇಲ್ಲೇ ಸಂಸಾರ ಹೂಡಿದ್ದು ಆಮೇಲಿನ ಸಂಗತಿ. ಅಂದು ಗದ್ದೆಯಲ್ಲಿ, ಕೆಲಸಕ್ಕೆ ಹೊಸದಾಗಿ ಸೇರಿದ್ದ ಹೆಂಗಸೊಬ್ಬಳು ತಲೆಯೆತ್ತಿ ಕೇಳಿದಳು:

"ಅದು ಯಾರಕ್ಕಾ, ಕೊಡೆ ಹಿಡಿದು ನಿಂತದ್ದು?"

ಅಮ್ಮನ ಮುಖ ಅರಳಿತು. "ಬೊಂಬಾಯಿಯವಳು!" ಅಂದಳು.

ಅವಳಿಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಮಗಳು ಎಂದು ಹೇಳುವುದನ್ನೇ ಮರೆತುಬಿಟ್ಟಿದ್ದಳು.