ಸಿಮೆಂಟಿನಲ್ಲಿ ಕೂತ ಬೀಸುವ ಕಲ್ಲು

ಕುಲಗೋಡದ ಹಳೆಯ ಶಾಲೆಯ ಕೋಣೆಯೊಂದರಲ್ಲಿ ಊರಿನ ಹಳೆಯ ಸಾಮಾನುಗಳನ್ನೆಲ್ಲ ಕೂಡಿಹಾಕಿ, ಹೊರಗೆ ಮ್ಯೂಸಿಯಂ ಎಂದು ಬೋರ್ಡು ಹಾಕಿದ್ದೇವೆ. ಕಂಬಳಿ ಮಗ್ಗದ ಹಲಗೆ, ಕುರಿಯ ಕೊರಳಗಂಟೆ, ಗೋಕಾಕದ ಬಣ್ಣ ಬಳಿದ ಕಟ್ಟಿಗೆ ಹಣ್ಣುಗಳು. ನಾನು ನಿವೃತ್ತಳಾದ ಟೀಚರು, ಊರಿನವರ ಬಾಯಲ್ಲಿ ಬಾಯಾರು. ಇಲ್ಲಿ ಕೀಲಿಯೂ ನನ್ನದೇ, ಕಾನೂನೂ ನನ್ನದೇ: ಏನನ್ನೂ ಮುಟ್ಟಬಾರದು, ಹೊರಗೆ ಒಯ್ಯಬಾರದು.

ಊರಿನ ಬೀಸುವ ಕಲ್ಲುಗಳೆಲ್ಲ ಆಗಲೇ ಪಾಯಕ್ಕೋ ಬಚ್ಚಲಿಗೋ ಸೇರಿದ್ದವು. ಉಳಿದದ್ದೊಂದನ್ನು ಬಾಜೂ ಮನೆಯವಳು ಕೊಟ್ಟಳು. ಹುಕ್ಕೇರಿ ಕಡೆಯ ತವರಿನಿಂದ ಅವಳ ಜೊತೆ ಬಂದ ಕಲ್ಲು. ಮಕ್ಕಳ ಬೆರಳು ಸಿಕ್ಕೀತೆಂದು ಮೇಲಿನದನ್ನೂ ಕೆಳಗಿನದನ್ನೂ ಸೇರಿಸಿ ಸಿಮೆಂಟು ಹಾಕಿಸಿದೆ. ಬಹಳ ಜಾಣತನ ಮಾಡಿದೆನೆಂದೇ ತಿಳಿದಿದ್ದೆ.

ಅವಳ ಮಗಳ ಮದುವೆ ಹತ್ತಿರ ಬಂದಾಗ ನನ್ನಲ್ಲಿಗೆ ಬಂದಳು. ನಮ್ಮಲ್ಲಿ ಮದುವೆಯ ಅರಿಷಿಣವನ್ನು ಮುತ್ತೈದೆಯರು ಕೂಡಿ ಹಾಡುತ್ತ ಬೀಸಬೇಕು.

"ಬಾಯಾರ, ನಮ್ಮ ಕಲ್ಲ ಒಂದ ದಿನಾ ಕೊಡ್ರಿ."

"ಮನ್ಯಾಗ ಮಿಕ್ಸರ್ ಐತೆಲ್ಲವಾ."

"ಮಿಕ್ಸರ್ ಮುಂದ ಕುಂತು ಯಾರ ಹಾಡತಾರ್ರಿ? ನನ್ನ ಮದಿವಿ ಅರಿಷಿಣಾನೂ ನಮ್ಮವ್ವ ಇದರಾಗ ಬೀಸಿದ್ಲು. ಅವ್ವಂತೂ ಇಲ್ಲ, ಕಲ್ಲರ ಇರ್ಲಿ ಅಂತ ಬಂದೇನಿ."

ನನ್ನ ಕಾನೂನು ಅಲ್ಲಿಗೇ ಮುಗಿಯಿತು. ಆದರೆ ಸಿಮೆಂಟು ಯಾರ ಮಾತು ಕೇಳುತ್ತದೆ? ಮಾಡಿದ್ದುಣ್ಣೋ ಮಹಾರಾಯ ಎಂದುಕೊಳ್ಳುತ್ತ ಗೌಂಡಿಯನ್ನು ಕರೆಸಿದೆ. ಅವನು ಉಳಿ ಇಟ್ಟು ನೋಡಿ, "ಕಲ್ಲ ಸೀಳಿದ್ರ ನನಗ ಅನಬ್ಯಾಡ್ರಿ" ಎಂದ. ಅವಳು ನನ್ನ ಕೈ ಹಿಡಿದುಕೊಂಡಳು. ಸುತ್ತಿಗೆ ಒಂದೇ ಸಮನೆ ಬಿದ್ದಿತು. ಕಡೆಗೆ ಸಿಮೆಂಟು ಚಕ್ಕೆಚಕ್ಕೆಯಾಗಿ ಉದುರಿ, ಮೇಲಿನ ಕಲ್ಲು ಇಡಿಯಾಗಿ ಎದ್ದಿತು.

ತಿಕ್ಕಿ ತೊಳೆದದ್ದೇ ತಡ, ಮನೆಗೆ ಒಯ್ಯುವಷ್ಟೂ ಯಾರಿಗೂ ತಾಳ್ಮೆ ಇಲ್ಲ. ಓಣಿಯ ಹೆಂಗಸರು ಮ್ಯೂಸಿಯಂನಲ್ಲೇ ಕೂತುಬಿಟ್ಟರು. ಮುಟ್ಟಬಾರದು ಎಂಬ ನನ್ನ ಚೀಟಿಯ ಕೆಳಗೇ ಕಲ್ಲು ಗರಗರ ತಿರುಗಿತು. ಅವಳು ಕಣ್ಣೊರೆಸಿಕೊಳ್ಳುತ್ತಲೇ ಅವ್ವನ ಹಾಡು ಎತ್ತಿಕೊಂಡಳು. ನನ್ನ ಕೆನ್ನೆಗೂ ಒಂದಿಷ್ಟು ಅರಿಷಿಣ ಬಿತ್ತು. ಅಷ್ಟು ಸಂತೋಷ ಆ ಕೋಣೆಯಲ್ಲಿ ನನಗೆ ಹಿಂದೆಂದೂ ಆಗಿರಲಿಲ್ಲ.

ಸುದ್ದಿ ಊರು ದಾಟಿತು, ಸುತ್ತಲಿನ ಹಳ್ಳಿಗಳ ಮದುವೆ ಮನೆಯವರೂ ಕಲ್ಲು ಕೇಳಿಕೊಂಡು ಬರತೊಡಗಿದರು. ಮೊನ್ನೆ ಮೂಡಲಗಿಯಿಂದ ನೋಡಲು ಬಂದ ಶಾಲೆಯ ಮಕ್ಕಳು ಖಾಲಿ ಜಾಗ ತೋರಿಸಿ, "ಇಲ್ಲಿ ಏನಿತ್ರಿ ಬಾಯಾರ?" ಎಂದು ಕೇಳಿದರು.

"ಬೀಸೋ ಕಲ್ಲ," ಎಂದೆ. "ಮಸಗುಪ್ಪಿಗೆ ಮದಿವಿಗೆ ಹೋಗೇತಿ."